ಮ್ಯಾನೇಜರ್ ಹತ್ತಿರ ಏನು ಕೇಳಬೇಕು?

ದೀಪಾಂಜಲಿ ನಗರದಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿ ವೈಟ್‌ಫೀಲ್ಡ್ ಕಡೆ ಕೆಲಸಕ್ಕೆ ಹೋಗುವವರಲ್ಲಿ ನೀವೂ ಒಬ್ಬರೇ? ಆಟಿಸಂ, ಎಡಿಎಚ್‌ಡಿ ಅಥವಾ ಡಿಸ್ಲೆಕ್ಸಿಯಾ ಇದ್ದವರಿಗೆ ಆ ನೂಕುನುಗ್ಗಲು, ಗಲಾಟೆ ತಾಳಿಕೊಂಡು ಆಫೀಸಿನ ಸೀಟಿಗೆ ಬಂದು ಕೂರುವಷ್ಟರಲ್ಲೇ ಸುಸ್ತಾಗಿರಬಹುದು. ಅದನ್ನು ಸೋಮಾರಿತನ ಅಂದವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ.

ಆದರೆ ಮ್ಯಾನೇಜರ್ ಮುಂದೆ "ನನಗೆ ಕಷ್ಟ ಆಗ್ತಿದೆ" ಎಂದಷ್ಟೇ ಹೇಳಿದರೆ, ಪಾಪ, ಅವರಿಗೂ ಏನು ಮಾಡಬೇಕೆಂದು ತೋಚುವುದಿಲ್ಲ. "ಮೀಟಿಂಗ್‌ನಲ್ಲಿ ಹೇಳಿದ ಕೆಲಸಾನ ನಾಲ್ಕು ಸಾಲಲ್ಲಿ ಮೇಲ್ ಮಾಡ್ತೀರಾ ಸಾರ್?", "ರಷ್ ಕಮ್ಮಿಯಾದ ಮೇಲೆ ಬಂದು, ಸಂಜೆ ಲೇಟಾಗಿ ಹೋಗಲಾ?" ಹೀಗೆ ಬಿಡಿಸಿ ಕೇಳಿ. ಒಂದು ಸಲಕ್ಕೆ ಒಂದೋ ಎರಡೋ ಸಾಕು. ಅವರು ಒಪ್ಪಿದ್ದನ್ನು ಅವತ್ತೇ ಮೇಲ್‌ನಲ್ಲಿ ಬರೆದು ಕಳಿಸಿ. ಇಷ್ಟು ಕೇಳಲು ನಿಮ್ಮ ಸ್ಥಿತಿಯ ಹೆಸರು ಹೇಳಲೇಬೇಕೆಂದಿಲ್ಲ.

ಕಾನೂನೂ ಸ್ವಲ್ಪ ತಿಳಿದಿರಲಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇದೆ, ಡಿಸ್ಲೆಕ್ಸಿಯಾ ಸೇರುವ ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ. ಎಡಿಎಚ್‌ಡಿಯ ಹೆಸರಿಲ್ಲ, ಅದು ದೊಡ್ಡ ಲೋಪ ಎಂದೇ ನನ್ನ ಅನಿಸಿಕೆ. 21ನೇ ಸೆಕ್ಷನ್ ಪ್ರಕಾರ ಖಾಸಗಿ ಕಂಪನಿಯೂ ಸಮಾನ ಅವಕಾಶ ನೀತಿ ಪ್ರಕಟಿಸಬೇಕು. ಎಚ್‌ಆರ್ ಹತ್ತಿರ ಅದರ ಪ್ರತಿ ಕೇಳಿ ಓದಿ. ಇನ್ನೂ ತಪಾಸಣೆ ಆಗಿಲ್ಲದಿದ್ದರೆ ಹೊಸೂರು ರಸ್ತೆಯ ನಿಮ್ಹಾನ್ಸ್ ಆಸ್ಪತ್ರೆ ಇದೆ. ಎಚ್‌ಆರ್ ಜೊತೆ ಮಾತಿಗೆ ಕೂರುವಾಗ ನಂಬಿಕಸ್ಥ ಸಹೋದ್ಯೋಗಿಯೊಬ್ಬರನ್ನು ಜೊತೆಗಿಟ್ಟುಕೊಳ್ಳಬಹುದೇ ಎಂದು ಮೊದಲೇ ವಿಚಾರಿಸಿ. ನೀವು ತಡವರಿಸಿದಾಗ ಅವರು ಎತ್ತಿಕೊಡುತ್ತಾರೆ.