ಕೈಯಲ್ಲಿರುವುದನ್ನು ಕೆಳಗಿಡುವ ಪಾಠ

🪷 *ಇಂದಿನ ಧಮ್ಮ ಚಿಂತನೆ* 🪷

 

ಇಂದು ಅಗ್ನಿಶಾಮಕ ದಳದ ಒಬ್ಬ ನಾಯಕನ ಅನುಭವವನ್ನು ಧಮ್ಮದ ಬೆಳಕಿನಲ್ಲಿ ನೋಡೋಣ.

1949ರ ಆಗಸ್ಟ್ 5. ಅಮೆರಿಕದ ಮೊಂಟಾನಾ ರಾಜ್ಯದ ಮ್ಯಾನ್ ಗಲ್ಚ್ ಕಣಿವೆಯಲ್ಲಿ ಕಾಡಿಗೆ ಬೆಂಕಿ ಬಿದ್ದಿತ್ತು. ಅದನ್ನು ಆರಿಸಲು 15 ಜನ ಪ್ಯಾರಾಚೂಟ್‌ನಲ್ಲಿ ಇಳಿದರು. ಅಲ್ಲಿದ್ದ ಇನ್ನೊಬ್ಬರು ಸೇರಿಕೊಂಡರು. ನಾಯಕ ವ್ಯಾಗ್ನರ್ ಡಾಡ್ಜ್. ಅವರು ನದಿಯ ಕಡೆ ಇಳಿಯುತ್ತಿದ್ದಾಗ ಬೆಂಕಿ ಕಣಿವೆ ದಾಟಿ ಎದುರಿಗೇ ಬಂತು. ಎಲ್ಲರೂ ಹಿಂದಿರುಗಿ, ಒಣಹುಲ್ಲು ತುಂಬಿದ ಕಡಿದಾದ ಗುಡ್ಡ ಹತ್ತಿ ಓಡಬೇಕಾಯಿತು.

ಭಾರದ ಸಲಕರಣೆ ಬಿಸಾಡಿ ಎಂದರು ಡಾಡ್ಜ್. ಕೆಲವರು ಬಿಸಾಡಿದರು, ಕೆಲವರು ಹೊತ್ತೇ ಓಡಿದರು. ಆಮೇಲೆ ಡಾಡ್ಜ್ ಕಡ್ಡಿ ಗೀರಿ ತಮ್ಮ ಮುಂದಿನ ಹುಲ್ಲಿಗೇ ಬೆಂಕಿ ಇಟ್ಟರು. ಹುಲ್ಲು ಸುಟ್ಟುಹೋದ ಜಾಗದಲ್ಲಿ ಹಿಂದೆ ಬರುವ ದೊಡ್ಡ ಬೆಂಕಿಗೆ ಉರಿಯಲು ಏನೂ ಇರುವುದಿಲ್ಲ. ಎಲ್ಲರನ್ನೂ ಅಲ್ಲಿಗೆ ಕರೆದು, ತಾವು ಆ ಬೂದಿಯಲ್ಲಿ ಬೋರಲು ಮಲಗಿದರು. ಯಾರೂ ಹೋಗಲಿಲ್ಲ. ಡಾಡ್ಜ್ ಬದುಕಿದರು. ಇನ್ನಿಬ್ಬರು ಬಂಡೆಯ ಸಂದಿನಿಂದ ಗುಡ್ಡ ದಾಟಿ ಉಳಿದರು. 13 ಜನ ತೀರಿಕೊಂಡರು.

ಅವರು ಹೇಡಿಗಳಲ್ಲ, ದಡ್ಡರೂ ಅಲ್ಲ. ಈ ಘಟನೆಯನ್ನು ಅಧ್ಯಯನ ಮಾಡಿದ ವಿದ್ವಾಂಸ ಕಾರ್ಲ್ ವೈಕ್ ಎರಡು ಕಡೆ ಬೆರಳಿಡುತ್ತಾರೆ. ಒಂದು, ಸಲಕರಣೆಯೇ ಅವರ ಗುರುತಾಗಿತ್ತು; ಅದನ್ನು ಬಿಟ್ಟರೆ ತಾನು ಯಾರು ಎಂಬ ಪ್ರಶ್ನೆ ಏಳುತ್ತದೆ. ಎರಡು, ನಾಯಕನಿಗೂ ತಂಡಕ್ಕೂ ಮೊದಲಿನ ಒಡನಾಟ ಸಾಲದಾಗಿತ್ತು. ನಂಬಿಕೆ ಮೊದಲೇ ಬೆಳೆದಿರದಿದ್ದರೆ, ಸರಿಯಾದ ಮಾತೂ ಹುಚ್ಚುತನದಂತೆ ಕೇಳಿಸುತ್ತದೆ.

ಮಜ್ಝಿಮ ನಿಕಾಯದ ಅಲಗದ್ದೂಪಮ ಸುತ್ತದಲ್ಲಿ ಭಗವಾನ್ ಬುದ್ಧರು ತೆಪ್ಪದ ಹೋಲಿಕೆ ಕೊಡುತ್ತಾರೆ. ತೆಪ್ಪ ಇರುವುದು ದಾಟಲಿಕ್ಕೆ. ದಡ ಸೇರಿದ ಮೇಲೂ ಉಪಕಾರ ನೆನೆದು ಅದನ್ನು ತಲೆಯ ಮೇಲೆ ಹೊತ್ತು ನಡೆದರೆ ಅದು ಉಪಾದಾನ, ಅಂದರೆ ಅಂಟು.

ನಾನು ಒಂದು ಕಾರ್ಖಾನೆಯಲ್ಲಿ ಮೇಲ್ವಿಚಾರಕ. ನಮ್ಮ ಹಳೆಯ ಲೇತ್‌ಗಳು ದೀಪಾವಳಿಯ ಹೊತ್ತಿಗೆ ಹೋಗಿ ಸಿಎನ್‌ಸಿ ಯಂತ್ರಗಳು ಬರಲಿವೆ. ಮೂವತ್ತು ವರ್ಷ ಲೇತ್ ನಡೆಸಿದ ಹಿರಿಯರೊಬ್ಬರು, "ಸಾರ್, ಇದನ್ನ ಬಿಟ್ರೆ ನಾನ್ಯಾರು?" ಎಂದು ಕೇಳಿದರು. ಹೊಸದನ್ನು ಕಲಿಯದಿದ್ದರೆ ಅವರ ಕೆಲಸ ಉಳಿಯುವುದು ಕಷ್ಟ. ಹಾಗಂತ ಬರೀ ಆಜ್ಞೆ ಮಾಡಿದರೆ ಅವರ ಕೈ ಸಡಿಲವಾಗುವುದಿಲ್ಲ. ಆದ್ದರಿಂದ ಈಗ ಪ್ರತಿದಿನ ಶಿಫ್ಟ್ ಮುಗಿದ ಮೇಲೆ ಅರ್ಧ ಗಂಟೆ ಇಬ್ಬರೂ ಕೂತು ಹೊಸದನ್ನು ಕಲಿಯುತ್ತಿದ್ದೇವೆ. ಸದ್ದು ಕೇಳಿಯೇ ಲೋಹದ ಸ್ಥಿತಿ ಹೇಳುವ ಅವರ ಕಿವಿ ಲೇತ್ ಜೊತೆ ಹೋಗುವುದಿಲ್ಲ. ತೆಪ್ಪ ದಡದಲ್ಲಿ ಉಳಿಯುತ್ತದೆ, ದಾಟಿದ ಅನುಭವ ನಮ್ಮ ಜೊತೆ ಬರುತ್ತದೆ.

ಬಿಡುವುದನ್ನು ಬೆಂಕಿ ಬಂದಾಗ ಕಲಿಯಲು ಆಗುವುದಿಲ್ಲ. ಶಾಂತವಾದ ದಿನಗಳೇ ಅದರ ಪಾಠಶಾಲೆ.

*ಇಂದಿನ ಅಭ್ಯಾಸ:*
1️⃣ ಐದು ನಿಮಿಷ ಉಸಿರನ್ನು ಗಮನಿಸಿ. ಒಂದು ಕಾಲಕ್ಕೆ ಉಪಯೋಗವಾಗಿದ್ದ, ಈಗ ಬರೀ ಹೊರೆಯಾಗಿರುವ ಯಾವುದನ್ನು ಹಿಡಿದಿದ್ದೇನೆ ಎಂದು ಕೇಳಿಕೊಳ್ಳಿ.
2️⃣ ಕಷ್ಟಕಾಲದಲ್ಲಿ ನಿಮ್ಮ ಮಾತನ್ನು ನಂಬಬೇಕಾದ ಒಬ್ಬರ ಜೊತೆ ಇಂದೇ ಸ್ವಲ್ಪ ಹೊತ್ತು ಕೂರಿ.

ಸರ್ವರಿಗೂ ಮಂಗಳವಾಗಲಿ. 🙏