ಸಿಗ್ನಲ್‌ನಿಂದ ಬೈಟು ಕಾಫಿವರೆಗೆ: ದಿನದ ಕಿರಿಕಿರಿ ಗೆಲ್ಲುವ ಒಂಬತ್ತು ಸೂತ್ರಗಳು

ಬೆಳಿಗ್ಗೆ ಏಳೂವರೆ. ಗೀಸರ್ ಹಾಕಿ ಹಲ್ಲುಜ್ಜುವಷ್ಟರಲ್ಲಿ ಕರೆಂಟ್ ಹೋಯಿತು. ಇಸ್ತ್ರಿಯಾಗದ ಶರ್ಟನ್ನೇ ತೊಟ್ಟು ಹೊರಟರೆ ಬೈಕ್ ಕೀ ಕಾಣುತ್ತಿಲ್ಲ. ಆಟೊ ಬುಕ್ ಮಾಡಿದಿರಿ. ಡ್ರೈವರ್ ಫೋನ್ ಮಾಡಿ ‘ಎಲ್ಲಿಗೆ ಸಾರ್?’ ಎಂದು ಕೇಳಿದ, ಉತ್ತರ ಕೇಳಿ ಕ್ಯಾನ್ಸಲ್ ಮಾಡಿದ. ಕೊನೆಗೂ ಸಿಕ್ಕಿದ ಆಟೊ ಸಿಗ್ನಲ್‌ನಲ್ಲಿ ನಿಂತಾಗ ‘ಪರ್ಸನಲ್ ಲೋನ್ ಬೇಕಾ?’ ಎಂದು ಇನ್ನೊಂದು ಫೋನ್. ಹತ್ತು ಗಂಟೆಯ ಮೀಟಿಂಗ್‌ನಲ್ಲಿ ಮ್ಯಾನೇಜರ್ ಏನೋ ಕೇಳುತ್ತಾರೆ. ನಿಮ್ಮ ತಲೆ ಇನ್ನೂ ಆ ಸಿಗ್ನಲ್‌ನಲ್ಲೇ ನಿಂತಿದೆ.

ಇವುಗಳಲ್ಲಿ ಒಂದೂ ದೊಡ್ಡ ಕಷ್ಟವಲ್ಲ. ಎಲ್ಲ ಸೇರಿದರೆ ಮಾತ್ರ ದಿನವನ್ನೇ ತಿಂದುಹಾಕುತ್ತವೆ. ಪರೀಕ್ಷೆಗೆ ಓದುವವರಿಗೂ ಪ್ರಮೋಷನ್‌ಗೆ ದುಡಿಯುವವರಿಗೂ ಬೆಳಗಿನ ಚುರುಕೇ ಬಂಡವಾಳ. ಅದು ಸೋರಿಹೋಗಬಾರದು. ಕಿರಿಕಿರಿಗೆ ಒಂದು ವ್ಯವಸ್ಥೆ ಮಾಡಿ, ಸಣ್ಣ ಖುಷಿಗೆ ಒಂದು ಹೊತ್ತು ಮೀಸಲಿಡಿ.

1. ಗೊಣಗಬೇಡಿ, ಬರೆದಿಡಿ

ಏಳು ದಿನ ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಳ್ಳಿ. ಯಾವುದಕ್ಕೆ ಸಿಟ್ಟು ಬಂತೋ ಅದನ್ನು ಒಂದು ಸಾಲಿನಲ್ಲಿ ಬರೆಯಿರಿ. ವಾರದ ಕೊನೆಗೆ ಪಟ್ಟಿ ನೋಡಿ. ಇಪ್ಪತ್ತು ಬೇರೆ ಬೇರೆ ತೊಂದರೆಗಳಿವೆ ಎಂದುಕೊಂಡಿರುತ್ತೀರಿ. ನೋಡಿದರೆ ನಾಲ್ಕೈದೇ ಮತ್ತೆ ಮತ್ತೆ ಬಂದಿರುತ್ತವೆ. ಕೀ ಕಾಣಲಿಲ್ಲ. ಚಾರ್ಜರ್ ಆಫೀಸಲ್ಲೇ ಉಳಿಯಿತು. ಚಿಲ್ಲರೆ ಇರಲಿಲ್ಲ. ಜೋಡಿಯ ಒಂದು ಕಾಲುಚೀಲ ನಾಪತ್ತೆ.

ಒಂದೊಂದಕ್ಕೂ ಒಂದೇ ಸಲ ಪರಿಹಾರ ಮಾಡಿ ಮುಗಿಸಿ. ನಮ್ಮ ಮನೆಯಲ್ಲಿ ಬಾಗಿಲ ಪಕ್ಕ ಒಂದು ಮೊಳೆ ಹೊಡೆದೆವು. ಅಂದಿನಿಂದ ಎಲ್ಲ ಬೀಗದ ಕೈಗಳೂ ಅಲ್ಲೇ. ಬೆಳಗಿನ ‘ನೀನಿಟ್ಟೆಯಾ, ನಾನಿಟ್ಟೆನಾ’ ಜಗಳ ಅವತ್ತೇ ನಿಂತಿತು. ಎರಡನೇ ಚಾರ್ಜರ್ ಕೊಳ್ಳಿ. ಕಾಲುಚೀಲ ಒಂದೇ ಬಣ್ಣದ್ದು ಆರು ಜೊತೆ ಕೊಳ್ಳಿ. ಒಮ್ಮೆ ಯೋಚಿಸಿ ಮುಗಿಸಿದ ವಿಷಯಕ್ಕೆ ಮತ್ತೆ ದಿನಾ ತಲೆ ಖರ್ಚು ಮಾಡಬೇಕಿಲ್ಲ.

2. ‘ನನಗೇ ಯಾಕೆ ಹೀಗೆ?’ ಅನ್ನುವುದನ್ನು ಇವತ್ತೇ ನಿಲ್ಲಿಸಿ

ಕರೆಂಟ್ ನಿಮ್ಮೊಬ್ಬರ ಮನೆಯಲ್ಲಿ ಹೋಗುವುದಿಲ್ಲ. ‘ನನ್ನ ಹಣೆಬರಹವೇ ಇಷ್ಟು’ ಎನ್ನುವುದು ಉಗುರು ಕಚ್ಚುವ ಹಾಗೆ ಒಂದು ಚಟ. ಚಟವನ್ನು ಬಿಡಿಸಬಹುದು. ಆ ಮಾತು ಬಾಯಿಗೆ ಬಂದಾಗಲೆಲ್ಲ ‘ಈಗ ಏನು ಮಾಡಲಿ?’ ಎಂದು ಬದಲಿಸಿ ಕೇಳಿ. ಮೊದಲ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ, ಎರಡನೆಯದಕ್ಕೆ ಒಂದಾದರೂ ಸಿಗುತ್ತದೆ.

3. ಟ್ರಾಫಿಕ್ ಜೊತೆ ಜಗಳ ಬೇಡ, ಹೊರಡುವ ಹೊತ್ತು ಬದಲಿಸಿ

ಸಿಲ್ಕ್ ಬೋರ್ಡ್, ಹೆಬ್ಬಾಳ, ಟಿನ್ ಫ್ಯಾಕ್ಟರಿ, ಗೊರಗುಂಟೆಪಾಳ್ಯ. ಹೆಸರು ಕೇಳಿದರೇ ಬೆಂಗಳೂರಿಗರ ಭುಜ ಬಿಗಿಯುತ್ತದೆ. ನಮ್ಮನ್ನು ದಣಿಸುವುದು ದೂರಕ್ಕಿಂತ ಹೆಚ್ಚಾಗಿ ಅನಿಶ್ಚಿತತೆ. ನಲವತ್ತು ನಿಮಿಷ ಅಂತ ಗೊತ್ತಿದ್ದರೆ ಕೂರಬಹುದು. ಇಪ್ಪತ್ತೋ ತೊಂಬತ್ತೋ ಗೊತ್ತಿಲ್ಲದಿದ್ದರೆ ಹೊಟ್ಟೆಯಲ್ಲಿ ಸಂಕಟ.

ಹಾಗಾಗಿ ಸಮಯ ಖಚಿತವಾಗಿರುವ ದಾರಿ ಹಿಡಿಯಿರಿ. 2011ರ ಅಕ್ಟೋಬರ್ 20ರಂದು ನಮ್ಮ ಮೆಟ್ರೊ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆವರೆಗೆ, ಏಳು ಕಿಲೋಮೀಟರ್ ಒಳಗಿನ ದೂರಕ್ಕೆ ಓಡಲು ಶುರುವಾಯಿತು. ಆಗ ಅದನ್ನು ನೋಡಲೆಂದೇ ಜನ ಹತ್ತುತ್ತಿದ್ದರು. 2023ರ ಅಕ್ಟೋಬರ್‌ನಿಂದ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ 43 ಕಿಲೋಮೀಟರ್‌ಗೂ ಹೆಚ್ಚು ಉದ್ದ. 2025ರ ಆಗಸ್ಟ್ 10ರಂದು ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ತೆರೆಯಿತು. ಅದು ಸಿಲ್ಕ್ ಬೋರ್ಡ್ ದಾಟಿಯೇ ಎಲೆಕ್ಟ್ರಾನಿಕ್ ಸಿಟಿಗೆ ಹೋಗುತ್ತದೆ. ವರ್ಷಗಟ್ಟಲೆ ನಿಮ್ಮನ್ನು ಕಾಯಿಸಿದ ಜಂಕ್ಷನ್ ಮೇಲೆ ರೈಲಿನಲ್ಲಿ ಹಾದುಹೋಗುವ ಸುಖವನ್ನು ಒಮ್ಮೆ ಅನುಭವಿಸಿ ನೋಡಿ!

ಮೆಟ್ರೊ ಹತ್ತಿರವಿಲ್ಲವೇ? ಒಂದು ವಾರ ಅರ್ಧ ಗಂಟೆ ಮುಂಚೆ ಹೊರಡಿ. ಆಫೀಸಿನಲ್ಲಿ ಮಿಕ್ಕ ಆ ಅರ್ಧ ಗಂಟೆ ನಿಮ್ಮದೇ. ಆಗ ಯಾರೂ ನಿಮ್ಮನ್ನು ಕರೆಯುವುದಿಲ್ಲ. ದಿನದ ಕಷ್ಟದ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದಿಲ್ಲ. ಬಸ್ಸಿನಲ್ಲಿ ನಿಂತೇ ಹೋಗುವವರು ಕೇಳುವ ಪಾಠಗಳನ್ನು ರಾತ್ರಿಯೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಬೈಕ್‌ನವರು ದಾರಿಯುದ್ದಕ್ಕೂ ಫೋನ್ ಮುಟ್ಟಬೇಡಿ. ಸಿಗ್ನಲ್‌ನಲ್ಲಿ ಕೂಡ.

4. ಫೋನಿಗೆ ಬಾಗಿಲು ಹಾಕಿ

ಜಾಹೀರಾತಿನ ಕರೆಗಳು ಸಾಕಾಗಿವೆಯೇ? ಬೈದು ಫೋನಿಡುವುದರಿಂದ ನಿಮ್ಮ ಬಿಪಿ ಮಾತ್ರ ಏರುತ್ತದೆ. 1909ಕ್ಕೆ ಕರೆ ಮಾಡಿ ‘ಡಿಎನ್‌ಡಿ’ ನೋಂದಣಿ ಮಾಡಿಸಿ. ಎರಡು ಸರಣಿಗಳನ್ನು ನೆನಪಿಡಿ. 140ರಿಂದ ಶುರುವಾಗುವ ನಂಬರ್ ಜಾಹೀರಾತಿನದು. 1600ರಿಂದ ಶುರುವಾಗುವುದು ಬ್ಯಾಂಕ್, ಸರ್ಕಾರದಂಥ ಸಂಸ್ಥೆಗಳ ಸೇವಾ ಕರೆಗಳಿಗೆ ಮೀಸಲು. ಸಾಮಾನ್ಯ ಹತ್ತಂಕಿಯ ಮೊಬೈಲ್‌ನಿಂದ ‘ಬ್ಯಾಂಕಿನಿಂದ ಮಾತಾಡ್ತಿದ್ದೀವಿ’ ಎಂದರೆ ಎಚ್ಚರವಾಗಿ.

ಹಣದ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟಾಗಿರಿ. ದುಡ್ಡು ಪಡೆಯಲು ಯುಪಿಐ ಪಿನ್ ಒತ್ತಬೇಕಿಲ್ಲ, ಎಂದಿಗೂ. ಪಿನ್ ಕೇಳುತ್ತಿದೆ ಎಂದರೆ ಹಣ ನಿಮ್ಮ ಖಾತೆಯಿಂದ ಹೋಗುತ್ತದೆ ಎಂದೇ ಅರ್ಥ. ಹಳೆಯ ಸೋಫಾ ಆನ್‌ಲೈನ್‌ನಲ್ಲಿ ಮಾರಲು ಹೋದ ಎಷ್ಟೋ ಜನ ಇಲ್ಲೇ ಎಡವಿದ್ದಾರೆ. ‘ಡಿಜಿಟಲ್ ಅರೆಸ್ಟ್’ ಎಂಬುದು ನಮ್ಮ ಕಾನೂನಿನಲ್ಲೇ ಇಲ್ಲ. ವಿಡಿಯೊ ಕಾಲ್‌ನಲ್ಲಿ ಪೊಲೀಸ್ ಸಮವಸ್ತ್ರ ಕಂಡರೂ ಕರೆ ಕತ್ತರಿಸಿ. ಮೋಸವಾಗಿಬಿಟ್ಟಿದ್ದರೆ ನಾಚಿಕೆಪಡುತ್ತಾ ಕೂರಬೇಡಿ, ತಕ್ಷಣ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ತಿಳಿಸುತ್ತೀರೋ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು. ಈ ನಂಬರನ್ನು ಅಪ್ಪ-ಅಮ್ಮನ ಫೋನಿನಲ್ಲೂ ಸೇವ್ ಮಾಡಿಕೊಡಿ. ಇದನ್ನು ಮಾತ್ರ ನಾಳೆಗೆ ಹಾಕಬೇಡಿ.

5. ನಿಮ್ಮ ಇನಿಷಿಯಲ್ ಸಮಸ್ಯೆಯನ್ನು ಒಂದೇ ಸಲ ಬಗೆಹರಿಸಿ

ನಮ್ಮವರ ದೊಡ್ಡ ಗೋಳು ಇದು. ನಮ್ಮಲ್ಲಿ ಬಹಳ ಜನರಿಗೆ ಮನೆತನದ ಹೆಸರೇ ಇಲ್ಲ. ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ, ಆಮೇಲೆ ಹೆಸರು. ಆನ್‌ಲೈನ್ ಫಾರಂ ಮಾತ್ರ ‘ಲಾಸ್ಟ್ ನೇಮ್’ ಕಡ್ಡಾಯ ಎನ್ನುತ್ತದೆ. ಒಂದು ಕಡೆ ಅಪ್ಪನ ಹೆಸರು ತುಂಬುತ್ತೀರಿ, ಇನ್ನೊಂದು ಕಡೆ ಊರಿನ ಹೆಸರು, ಮತ್ತೊಂದು ಕಡೆ ಬರೀ ‘ಎಚ್’. ಕೊನೆಗೆ ಮಾರ್ಕ್ಸ್ ಕಾರ್ಡಿನಲ್ಲಿ ‘ಮಂಜುನಾಥ ಎಚ್’, ಪ್ಯಾನ್‌ನಲ್ಲಿ ‘ಹನುಮಂತಪ್ಪ ಮಂಜುನಾಥ’, ಆಧಾರ್‌ನಲ್ಲಿ ‘ಮಂಜುನಾಥ್’. ಮೂವರೂ ಒಬ್ಬನೇ ಎಂದು ನಂಬಿಸಲು ಅಫಿಡವಿಟ್. ಕೆಲಸ ಸಿಕ್ಕ ಖುಷಿಯಲ್ಲಿದ್ದ ಹುಡುಗ ಪಿಎಫ್ ಖಾತೆಗೂ ಆಧಾರ್‌ಗೂ ಹೆಸರು ಹೊಂದದೆ ವಾರಗಟ್ಟಲೆ ಅಲೆದದ್ದನ್ನು ಹತ್ತಿರದಿಂದ ಕಂಡಿದ್ದೇನೆ.

ಪರಿಹಾರ ಇದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರನ್ನೇ ಅಡಿಪಾಯ ಮಾಡಿಕೊಳ್ಳಿ. ಸ್ಪೆಲಿಂಗ್, ಇನಿಷಿಯಲ್ ಇರುವ ಜಾಗ, ನಡುವಿನ ಖಾಲಿ ಜಾಗ ಎಲ್ಲವನ್ನೂ ಹಾಗೇ ಬರೆದಿಟ್ಟುಕೊಳ್ಳಿ. ಉಳಿದ ದಾಖಲೆಗಳನ್ನು ಒಂದೊಂದಾಗಿ ಅದಕ್ಕೆ ಹೊಂದಿಸಿ. ವಿದೇಶಕ್ಕೆ ಓದಲು ಹೋಗುವ ಆಸೆಯಿದ್ದರೆ ಪಾಸ್‌ಪೋರ್ಟ್ ಅರ್ಜಿ ತುಂಬುವಾಗಲೇ ಯೋಚಿಸಿ. ಒಂದೇ ಹೆಸರಿರುವವರ ಅಮೆರಿಕದ ವೀಸಾದಲ್ಲಿ ‘ಎಫ್‌ಎನ್‌ಯು’ ಎಂದು ಬರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಅಜ್ಜಿ ಮುದ್ದಿನಿಂದ ಇಟ್ಟ ಹೆಸರು ಗೊತ್ತೇ ಇಲ್ಲದಂತಾಗುವುದು ಬೇಡ. ಕಾಲೇಜಿನ ರಜೆಯಲ್ಲೇ ಈ ಕೆಲಸ ಮುಗಿಸಿ. ಕೆಲಸಕ್ಕೆ ಸೇರುವ ವಾರ ಎಲ್ಲವನ್ನೂ ಒಟ್ಟಿಗೇ ಕೇಳುತ್ತಾರೆ.

6. ‘ನಾಳೆ ಬನ್ನಿ’ ಎಂದರೆ ರಸೀದಿ ಕೇಳಿ

ಆದಾಯ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ, ಸ್ಕಾಲರ್‌ಶಿಪ್ ಕೊನೆಯ ದಿನ. ಕೌಂಟರ್‌ನಲ್ಲಿ ದನಿ ಏರಿಸಿ ಪ್ರಯೋಜನವಿಲ್ಲ. ಕರ್ನಾಟಕದಲ್ಲಿ 2011ರ ಸಕಾಲ ಕಾಯ್ದೆ ಇದೆ. ಇಂತಿಷ್ಟು ದಿನದೊಳಗೆ ಸೇವೆ ಕೊಡಲೇಬೇಕು ಎಂದು ಅದು ಹೇಳುತ್ತದೆ. ಅರ್ಜಿ ಕೊಟ್ಟಾಗ ಸ್ವೀಕೃತಿ ಪತ್ರ ಪಡೆಯಿರಿ. ಅದರಲ್ಲಿ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಇರುತ್ತದೆ. ಫೋಟೊ ತೆಗೆದಿಟ್ಟುಕೊಳ್ಳಿ. ಅರ್ಜಿ ಎಲ್ಲಿದೆ ಎಂದು ಮನೆಯಿಂದಲೇ ನೋಡಬಹುದು. ತಡವಾದರೆ ಮೇಲ್ಮನವಿ ಹಾಕಬಹುದು, ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವೂ ಉಂಟು. ಮೊತ್ತ ಸಣ್ಣದು. ಆದರೆ ಕೈಯಲ್ಲಿ ಸಂಖ್ಯೆ ಹಿಡಿದು ವಿನಯದಿಂದ ಕೇಳುವವರಿಗೆ ಸಿಗುವ ಉತ್ತರವೇ ಬೇರೆ.

ಬ್ಯಾಗಿನಲ್ಲಿ ಸದಾ ನಾಲ್ಕು ಪಾಸ್‌ಪೋರ್ಟ್ ಸೈಜ್ ಫೋಟೊ ಮತ್ತು ಒಂದು ಅಂಟಿನ ಟ್ಯೂಬ್ ಇಡಿ. ಕೇಳಿದವರೆಲ್ಲ ನಿಮ್ಮನ್ನು ಹರಸುತ್ತಾರೆ.

7. ಊರಿಗೆ ಹೋಗುವ ಟಿಕೆಟ್‌ಗೆ ಅಲಾರಂ ಇಡಿ

ದೀಪಾವಳಿಗೆ ಎರಡು ದಿನ ಇರುವಾಗ ಬಸ್ ದರ ನೋಡಿ ಬೆವರುವುದು ಬೇಡ. ರೈಲಿನ ಮುಂಗಡ ಬುಕಿಂಗ್ 2024ರ ನವೆಂಬರ್ 1ರಿಂದ 60 ದಿನಕ್ಕೆ ಇಳಿದಿದೆ, ಮೊದಲು 120 ಇತ್ತು. ಹೊಸ ಕ್ಯಾಲೆಂಡರ್ ಮನೆಗೆ ಬಂದ ದಿನವೇ ಹಬ್ಬಗಳಿಂದ 60 ದಿನ ಹಿಂದಕ್ಕೆ ಎಣಿಸಿ ಗುರುತು ಹಾಕಿ. ತತ್ಕಾಲ್ ಅನಿವಾರ್ಯವಾದರೆ ಎಸಿಗೆ ಬೆಳಿಗ್ಗೆ 10, ಎಸಿ ಅಲ್ಲದ್ದಕ್ಕೆ 11 ಗಂಟೆ. 2025ರ ಜುಲೈನಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ದೃಢೀಕರಣ ಬೇಕೇಬೇಕು. ಅದನ್ನು ಹಿಂದಿನ ವಾರವೇ ಮುಗಿಸಿ. 9 ಗಂಟೆ 58 ನಿಮಿಷಕ್ಕೆ ಪಾಸ್‌ವರ್ಡ್ ಹುಡುಕುವವರಿಗೆ ಸಿಗುವುದು ವೇಟಿಂಗ್ ಲಿಸ್ಟ್.

8. ಮನೆಯ ಗ್ರೂಪನ್ನು ಮ್ಯೂಟ್ ಮಾಡಿ, ಸಂಬಂಧವನ್ನಲ್ಲ

ಓದುವಾಗ, ಕೆಲಸದಲ್ಲಿ ವಾಟ್ಸಾಪ್ ಟಿಂಗ್ ಅನ್ನಬಾರದು. ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ ನೋಡಿ, ಸಾಕು. ಆದರೆ ಗ್ರೂಪ್ ಬಿಟ್ಟು ಹೋಗಬೇಡಿ. ದಿನಾ ಗುಲಾಬಿ ಹೂವಿನ ‘ಶುಭೋದಯ’ ಕಳಿಸುವ ಸೋದರಮಾವ ನಿಜಕ್ಕೂ ಕೇಳುತ್ತಿರುವುದು ‘ಚೆನ್ನಾಗಿದ್ದೀಯೇನಪ್ಪಾ?’ ಎಂದು. ಭಾನುವಾರ ಅವರಿಗೆ ಐದು ನಿಮಿಷ ಫೋನ್ ಮಾಡಿ. ‘ಮಾವ, ಊಟ ಆಯ್ತಾ?’ ಎಂದರೆ ಸಾಕು. ಆ ಐದು ನಿಮಿಷ ಇಬ್ಬರಿಗೂ ವಾರವಿಡೀ ಸಾಲುತ್ತದೆ.

9. ಸಣ್ಣ ಖುಷಿಯನ್ನು ಟೈಮ್‌ಟೇಬಲ್‌ಗೆ ಸೇರಿಸಿ

ಮಹತ್ವಾಕಾಂಕ್ಷೆ ಇರುವವರು ಹೆಚ್ಚಾಗಿ ಮಾಡುವ ತಪ್ಪು ಇದು: ‘ಕೆಲಸ ಸಿಗಲಿ, ಆಮೇಲೆ ಖುಷಿಪಡೋಣ.’ ಬೇಡ. ಖುಷಿಯನ್ನು ದಿನಚರಿಯಲ್ಲೇ ಇಡಿ, ಮೀಟಿಂಗ್ ಇಟ್ಟ ಹಾಗೆ. ದಣಿದ ಮನಸ್ಸು ಪುಟ ತಿರುಗಿಸುತ್ತದೆ, ಓದುವುದಿಲ್ಲ.

ಖರ್ಚಿಲ್ಲದ ಖುಷಿಯಿಂದ ಶುರು ಮಾಡಿ. ವರ್ಷದ ಮೊದಲ ತಿಂಗಳುಗಳಲ್ಲಿ ಬೆಂಗಳೂರಿನ ರಸ್ತೆಗಳು ಟಬೆಬುಯಾ ಹೂವಿನಿಂದ ಗುಲಾಬಿ ಬಣ್ಣಕ್ಕೆ ತಿರುಗುತ್ತವೆ. ಈ ಸೊಬಗಿನ ಹಿಂದೆ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರ ದುಡಿಮೆ ಇದೆ. 1980ರ ದಶಕದಲ್ಲಿ ಅವರ ಮುಂದಾಳತ್ವದಲ್ಲಿ ನಗರದಲ್ಲಿ ಸುಮಾರು 15 ಲಕ್ಷ ಗಿಡಗಳನ್ನು ನೆಟ್ಟರು. ನೀವು ಸಿಗ್ನಲ್‌ನಲ್ಲಿ ನಿಂತು ತಲೆಯೆತ್ತಿದರೆ ಒಬ್ಬ ಅಧಿಕಾರಿ ತನ್ನ ಕೆಲಸವನ್ನು ಚೆನ್ನಾಗಿ ಮಾಡಿದ್ದರ ಫಲ ಕಾಣುತ್ತದೆ. ಯುಪಿಎಸ್‌ಸಿಗೆ ಓದುವವರೇ, ಆ ಮರಗಳನ್ನು ದಿನಾ ನೋಡಿ.

ಮೊದಲ ಮಳೆ ಬಿದ್ದಾಗ ಕಿಟಕಿ ತೆರೆಯಿರಿ. ಆ ಮಣ್ಣಿನ ವಾಸನೆಗೆ 1964ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು, ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್, ‘ಪೆಟ್ರಿಕೋರ್’ ಎಂದು ಹೆಸರಿಟ್ಟರು. ಮಣ್ಣಿನ ಬ್ಯಾಕ್ಟೀರಿಯಾಗಳು ತಯಾರಿಸುವ ಜಿಯೋಸ್ಮಿನ್ ಅದರಲ್ಲಿ ಮುಖ್ಯ. ಎರಡು ನಿಮಿಷ ಲ್ಯಾಪ್‌ಟಾಪ್ ಮುಚ್ಚಿ ಉಸಿರೆಳೆದುಕೊಳ್ಳಿ. ಆ ಎರಡು ನಿಮಿಷದಲ್ಲಿ ಯಾವ ಡೆಡ್‌ಲೈನೂ ಮುಳುಗುವುದಿಲ್ಲ.

ಇನ್ನು ಕಾಫಿ. ಆಫೀಸಿನ ಯಂತ್ರದ ಕಾಫಿಯನ್ನು ಸ್ಕ್ರೀನ್ ಮುಂದೆ ಕೂತು ಕುಡಿದರೆ ಅದು ಲೆಕ್ಕಕ್ಕಿಲ್ಲ. ಎದ್ದು ಹೊರಗೆ ಹೋಗಿ. 1980ರ ದಶಕದಲ್ಲಿ ಜಯನಗರದಲ್ಲಿ ಶುರುವಾದ ದರ್ಶಿನಿ ಹೋಟೆಲ್‌ಗಳು ಈಗ ಬೀದಿಬೀದಿಯಲ್ಲಿವೆ. ಟೋಕನ್ ತಗೊಂಡು, ಸ್ಟೀಲ್ ಲೋಟ ಹಿಡಿದು, ನಿಂತೇ ಕುಡಿಯುವ ಜಾಗ. ಅಲ್ಲಿ ಮ್ಯಾನೇಜರ್‌ಗೂ ಟ್ರೈನೀಗೂ ಒಂದೇ ಕಟ್ಟೆ. ಬೈಟು ಎಂಬ ಏರ್ಪಾಡು ನನಗೆ ಬಹಳ ಇಷ್ಟ. ಒಂದು ಕಾಫಿ, ಎರಡು ಲೋಟ. ಬೈಟು ಕುಡಿಯಲು ಇನ್ನೊಬ್ಬರು ಬೇಕೇಬೇಕು.

ನಿನ್ನೆ ಮೀಟಿಂಗ್‌ನಲ್ಲಿ ನಿಮ್ಮ ಮಾತು ಕತ್ತರಿಸಿದ ಸಹೋದ್ಯೋಗಿ ಇದ್ದಾರಲ್ಲ, ಅವರನ್ನೇ ಕರೆಯಿರಿ. ‘ಬನ್ನಿ, ಒಂದು ಬೈಟು ಹೊಡ್ಕೊಂಡು ಬರೋಣ’ ಅನ್ನಿ. ಪ್ರಾಜೆಕ್ಟ್ ವಿಷಯ ಎತ್ತಬೇಡಿ. ಅವರ ಊರು ಯಾವುದು, ಅಲ್ಲಿ ಮಳೆ ಹೇಗಿದೆ ಕೇಳಿ. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ. ಟೋಕನ್ ದುಡ್ಡು ನೀವೇ ಕೊಡಿ.