ಎರಡನೇ ಸಲದ ಬಸ್ಸು

ಲಕ್ಷ್ಮೇಶ್ವರ ತಾಲ್ಲೂಕಿನ ಯಳವತ್ತಿಯಲ್ಲಿ ನಾನು ಆಶಾ ಕಾರ್ಯಕರ್ತೆಯಾಗಿ 15 ವರ್ಷ ಆಯಿತು. ನಮ್ಮ ಕಡೆ ನರ, ಹೃದಯ, ಕಿಡ್ನಿ ಅಂದರೆ ‘ಹುಬ್ಬಳ್ಳಿಗೆ ಒಯ್ಯಿರಿ’ ಅನ್ನುವುದೇ ರೂಢಿ. 2015ರಲ್ಲಿ ಗದಗಿನಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಆದ ಮೇಲೆ ಕೆಲವರು ಅತ್ತಲೂ ಹೊರಳಿದ್ದಾರೆ. ಲಕ್ಷ್ಮೇಶ್ವರದಿಂದ ಗದಗ ಸುಮಾರು 40 ಕಿ.ಮೀ., ಹುಬ್ಬಳ್ಳಿ ಇನ್ನೂ ದೂರ. ರೋಗಿಗಳ ಸಂಗಡ ಓಡಾಡಿ ಕಲಿತದ್ದನ್ನು ಬರೆಯುತ್ತಿದ್ದೇನೆ.

1. ಮೊದಲ ಸಲ ಎಲ್ಲರೂ ಹೋಗುತ್ತಾರೆ. ಸಾಲ ಮಾಡಿಯಾದರೂ ಹೋಗುತ್ತಾರೆ. ತಪ್ಪುವುದು ಎರಡನೇ ಸಲ. ಫಿಟ್ಸ್ ಬರುತ್ತಿದ್ದ ಹುಡುಗಿಯೊಬ್ಬಳನ್ನು ಹುಬ್ಬಳ್ಳಿಯ ನರರೋಗ ತಜ್ಞರಿಗೆ ತೋರಿಸಿದೆವು. ತಿಂಗಳಿಗಾಗುವಷ್ಟು ಗುಳಿಗೆ ಕೊಟ್ಟು, ಮತ್ತೆ ಬರಲು ಹೇಳಿದರು. ಅಷ್ಟರಲ್ಲಿ ಮೆಣಸಿನಕಾಯಿ ಬಿಡಿಸುವ ಸುಗ್ಗಿ ಬಂತು. ‘ಈಗ ಆರಾಮ ಅದಾಳಲ್ರೀ ಅಕ್ಕಾರ, ಸುಗ್ಗಿ ಮುಗೀಲಿ’ ಅಂದ ಅಪ್ಪ. ಗುಳಿಗೆ ತೀರಿತು. ಫಿಟ್ಸಿನ ಗುಳಿಗೆ ಒಮ್ಮೆಲೇ ನಿಂತರೆ ರೋಗ ಮೊದಲಿಗಿಂತ ಜೋರಾಗಿ ತಿರುಗಿ ಬರಬಹುದು. ಅವಳು ಒಲೆಯ ಮುಂದೆ ಬಿದ್ದು ಕೈ ಸುಟ್ಟುಕೊಂಡಳು. ‘ತಜ್ಞರಿಗೆ ತೋರಿಸಲಾಗಿದೆ’ ಎಂದು ವಹಿಯಲ್ಲಿ ಬರೆದು ಸುಮ್ಮನಾಗಿದ್ದವಳು ನಾನು. ಆ ತಪ್ಪು ನನ್ನನ್ನು ಇಂದಿಗೂ ಸುಡುತ್ತದೆ.

2. ಮತ್ತೆ ಹೋಗಬೇಕಾದ ತಾರೀಖು ಹೇಳಿದರೆ ನೆನಪಿರುವುದಿಲ್ಲ. ‘ಶೀಗಿ ಹುಣ್ಣಿವಿ ಮರುದಿನ’ ಅಂದರೆ ಯಾವ ಅಜ್ಜಿಯೂ ಮರೆಯುವುದಿಲ್ಲ.

3. ಕಾಗದಕ್ಕಾಗಿ ಎರಡು ಸಲ ಅಲೆಯಬೇಡಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಆದರೆ ತುರ್ತು ಇಲ್ಲದ ದೊಡ್ಡ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವಾಗ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಚೀಟಿ ಇಲ್ಲದೆ ಹೋದ ಒಬ್ಬ ಅಜ್ಜನನ್ನು ಸಂಜೆಯ ಬಸ್ಸಿಗೆ ಹಾಗೇ ತಿರುಗಿ ಕರೆತಂದಿದ್ದೇನೆ. ದಾರಿಯುದ್ದಕ್ಕೂ ಅವರು ಒಂದು ಮಾತೂ ಆಡಲಿಲ್ಲ.

4. ಎದೆನೋವಿಗೆ ಮಾತ್ರ ಬಸ್ಸು, ಚೀಟಿ, ಹುಬ್ಬಳ್ಳಿ ಯಾವುದನ್ನೂ ಯೋಚಿಸಬಾರದು. 108ಕ್ಕೆ ಫೋನ್ ಮಾಡಿ ತಾಲ್ಲೂಕು ಆಸ್ಪತ್ರೆ ಮುಟ್ಟಬೇಕು. 2023ರಲ್ಲಿ ಬಂದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಹಾರ್ಟ್ ಸ್ಪೆಷಲಿಸ್ಟ್ ಇಲ್ಲಿಗೆ ಬರುವುದಿಲ್ಲ. ಇಲ್ಲಿ ತೆಗೆದ ಇಸಿಜಿ ಅವರ ಬಳಿ ಹೋಗುತ್ತದೆ. ಅವರು ಬೇಕೆಂದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಇಲ್ಲೇ ಪುಕ್ಕಟೆ ಕೊಡುತ್ತಾರೆ. ‘ಗ್ಯಾಸ್ ಆಗೇತಿ’ ಎಂದು ಸೋಡಾ ಕುಡಿಸುತ್ತ ಕಳೆದ ಹೊತ್ತು ಮಾತ್ರ ತಿರುಗಿ ಬರುವುದಿಲ್ಲ.

5. ಜೊತೆಗೆ ಯಾರು ಹೋಗುತ್ತಾರೆ ಎಂದು ಮೊದಲು ಕೇಳಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾದಾ ಬಸ್ಸಿನ ಖರ್ಚಿಲ್ಲ. ಗಂಡಂದಿರ ಪಗಾರ ಮುರಿಯದೆ ನೆಗೆಣ್ಣಿಯರಿಬ್ಬರು ಸೇರಿ ಅತ್ತೆಯನ್ನು ತೋರಿಸಿಕೊಂಡು ಬರುವುದನ್ನು ಈಗ ನೋಡುತ್ತಿದ್ದೇನೆ. ಮೊದಲು ಇದು ಆಗದ ಮಾತಾಗಿತ್ತು.

6. ದೊಡ್ಡ ಆಸ್ಪತ್ರೆಯಿಂದ ಹೊರಡುವ ಮುಂಚೆ ತಜ್ಞರನ್ನು ಒಂದು ಮಾತು ಕೇಳಿ: ‘ಇದರಾಗ ನಮ್ಮ ಊರ ಕಡೆ ಏನೇನು ಆಗತೈತ್ರೀ ಸಾಹೇಬರ?’ ಹಾಗೆ ಕೇಳಲು ನನಗೆ ವರ್ಷಗಟ್ಟಲೆ ಧೈರ್ಯ ಬಂದಿರಲಿಲ್ಲ. ಕೈ ಸುಟ್ಟುಕೊಂಡ ಆ ಹುಡುಗಿಯ ಸಲುವಾಗಿ ಕೇಳಿದೆ. ಡಾಕ್ಟರು ಸಿಟ್ಟಾಗಲಿಲ್ಲ. ಗುಳಿಗೆಯ ಹೆಸರು, ಪ್ರಮಾಣ ಬರೆದು ತಾಲ್ಲೂಕು ಆಸ್ಪತ್ರೆಗೆ ಚೀಟಿ ಕೊಟ್ಟರು. ಈಗ ತಿಂಗಳ ಗುಳಿಗೆ ಅಲ್ಲೇ ಸಿಗುತ್ತದೆ, ಹುಬ್ಬಳ್ಳಿಗೆ ಆರು ತಿಂಗಳಿಗೊಮ್ಮೆ ಹೋದರೆ ಸಾಕು. ಹೋದ ಸುಗ್ಗಿಯಲ್ಲಿ ಅವಳೂ ಅವ್ವನ ಜೊತೆ ಮೆಣಸಿನಕಾಯಿ ಬಿಡಿಸಿದಳು.